ಮ್ಯಾಪ್ ಮೊದಲಾ, ಪ್ರೊಟೊಟೈಪ್ ಮೊದಲಾ? ಯುಎಕ್ಸ್ ಕಲಿಯುವವರಿಗೆ ಒಂದು ಟಿಪ್ಪಣಿ

ಯುಎಕ್ಸ್ ಡಿಸೈನ್, ಅಂದರೆ ಬಳಸುವವರ ಅನುಭವವನ್ನು ರೂಪಿಸುವ ಕೆಲಸ, ಕಲಿಯಲು ಶುರು ಮಾಡಿದಾಗ ನನ್ನನ್ನು ಜಾಸ್ತಿ ಕಾಡಿದ್ದು ಹೆಸರುಗಳು. ಎಂಪಥಿ ಮ್ಯಾಪ್, ಜರ್ನಿ ಮ್ಯಾಪ್, ಸರ್ವಿಸ್ ಬ್ಲೂಪ್ರಿಂಟ್, ಸ್ಟೋರಿ ಮ್ಯಾಪ್, ವೈರ್‌ಫ್ರೇಮ್, ಮಾಕಪ್, ಪ್ರೊಟೊಟೈಪ್. ಒಂದೊಂದಕ್ಕೂ ಒಂದೊಂದು ಟೆಂಪ್ಲೇಟ್ ಸಿಗುತ್ತದೆ. ಯಾವುದನ್ನು ಯಾವಾಗ ಮಾಡಬೇಕು ಅನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಒಂದು ಚಿಕ್ಕ ಅಭ್ಯಾಸ. ಪೆನ್ನು ಹಿಡಿದ ಕೂಡಲೇ ‘ನನಗೆ ಈಗ ಗೊತ್ತಿಲ್ಲದ್ದು ಏನು?’ ಅಂತ ಒಂದು ಸಾಲು ಬರೆಯುವುದು. ಸದ್ಯ ಏನು ನಡೆಯುತ್ತಿದೆ ಅನ್ನುವುದೇ ಗೊತ್ತಿಲ್ಲದಿದ್ದರೆ ಮ್ಯಾಪ್ ಬೇಕು. ಹೀಗೆ ಬದಲಾಯಿಸಿದರೆ ಏನಾಗುತ್ತದೆ ಅನ್ನುವುದು ಗೊತ್ತಿಲ್ಲದಿದ್ದರೆ ಪ್ರೊಟೊಟೈಪ್, ಅಂದರೆ ಪರೀಕ್ಷಿಸಿ ನೋಡಲು ಮಾಡುವ ಕಚ್ಚಾ ಮಾದರಿ, ಬೇಕು. ಉಳಿದದ್ದೆಲ್ಲ ಇದರ ಸುತ್ತಲೇ ಇದೆ.

ಜರ್ನಿ ಮ್ಯಾಪ್: ಜೊತೆಗೆ ಹೋಗಿ ಬರೆಯಿರಿ

ಒಬ್ಬರು ಒಂದು ಕೆಲಸ ಮುಗಿಸಲು ಹೊರಟಾಗ ಏನೇನು ಮಾಡುತ್ತಾರೆ, ಆಗ ಏನು ಅಂದುಕೊಳ್ಳುತ್ತಾರೆ, ಎಲ್ಲಿ ತಡವರಿಸುತ್ತಾರೆ ಅನ್ನುವುದನ್ನು ಎಡದಿಂದ ಬಲಕ್ಕೆ ಬರೆದರೆ ಅದೇ ಜರ್ನಿ ಮ್ಯಾಪ್. ಮೇಲಿನ ಸಾಲಿನಲ್ಲಿ ಹಂತಗಳು ಬರುತ್ತವೆ. ಅದರ ಕೆಳಗೆ ಮಾಡುವುದು, ಯೋಚಿಸುವುದು, ಮನಸ್ಸಿನ ಏರಿಳಿತ. ಇನ್ನೊಂದು ಸಾಲಿನಲ್ಲಿ ಆ ಹಂತದಲ್ಲಿ ಅವರಿಗೆ ಎದುರಾಗುವುದು: ಚೀಟಿ, ಬೋರ್ಡು, ಮೊಬೈಲ್ ಪರದೆ, ಕೌಂಟರಿನಲ್ಲಿ ಕೂತವರು.

ಹಂತಗಳು ಎಲ್ಲಿಂದ ಶುರುವಾಗುತ್ತವೆ ಅನ್ನುವುದೇ ಇಲ್ಲಿ ಮುಖ್ಯ. ಅಮೆರಿಕದ ಆಮ್‌ಟ್ರ್ಯಾಕ್ ಸಂಸ್ಥೆಯ ಅಸೆಲಾ ರೈಲಿನ ಕಥೆ ನನಗೆ ಇದನ್ನು ಕಲಿಸಿತು. ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ನಡುವಿನ ಈ ವೇಗದ ರೈಲು 2000ದ ಡಿಸೆಂಬರ್‌ನಲ್ಲಿ ಓಡಾಟ ಶುರು ಮಾಡಿತು. ಅದಕ್ಕೂ ಮುಂಚೆ ಐಡಿಯೊ ಎಂಬ ಡಿಸೈನ್ ಸಂಸ್ಥೆ ಇದರ ಮೇಲೆ ಕೆಲಸ ಮಾಡಿತ್ತು. ಬೋಗಿಯ ಒಳಗಿನ ಸೀಟುಗಳತ್ತ ಎಲ್ಲರ ಕಣ್ಣು ಇದ್ದಾಗ, ಆ ತಂಡ ಪ್ರಯಾಣವನ್ನು 10 ಹಂತಗಳಾಗಿ ಬಿಡಿಸಿ ನೋಡಿತು. ರೈಲಿನ ಬಗ್ಗೆ ತಿಳಿಯುವುದು, ಯೋಜನೆ ಹಾಕುವುದು, ಮನೆಯಿಂದ ಹೊರಡುವುದು, ನಿಲ್ದಾಣಕ್ಕೆ ಬರುವುದು, ಟಿಕೆಟ್, ಕಾಯುವುದು, ಹತ್ತುವುದು. ಸೀಟಿನಲ್ಲಿ ಕೂರುವುದು ಎಂಟನೇ ಹಂತಕ್ಕೆ! ಪ್ರಯಾಣಿಕರ ಅನುಭವದ ಬಹುಪಾಲು ಸೀಟಿಗೆ ಬರುವ ಮೊದಲೇ ಮುಗಿದಿರುತ್ತದೆ ಅಂತಾಯ್ತು.

ನಾನು ಅಭ್ಯಾಸಕ್ಕೆ ಆರಿಸಿಕೊಂಡಿದ್ದು ಅಮ್ಮನ ರಕ್ತ ಪರೀಕ್ಷೆ. ಮೊದಲ ಮ್ಯಾಪನ್ನು ಮನೆಯಲ್ಲೇ ಕೂತು ಬರೆದೆ. ಐದು ಹಂತ ಬಂತು: ಆಸ್ಪತ್ರೆಗೆ ಹೋಗುವುದು, ಬಿಲ್ ಕಟ್ಟುವುದು, ಕಾಯುವುದು, ರಕ್ತ ಕೊಡುವುದು, ರಿಪೋರ್ಟ್ ಪಡೆಯುವುದು. ನೋಡಲು ಅಚ್ಚುಕಟ್ಟಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಅಮ್ಮನ ಜೊತೆಗೇ ಹೋದೆ. ವಾಪಸ್ ಬರುವಾಗ ಹದಿಮೂರು ಹಂತ ಆಗಿತ್ತು.

ಮೊದಲ ಹಂತ ಹಿಂದಿನ ರಾತ್ರಿಯದು. ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು, ಬಿ.ಪಿ. ಮಾತ್ರೆ ತಗೋಬಹುದಾ, ನೀರು ಕುಡಿಯಬಹುದಾ ಅಂತ ಅಮ್ಮ ಮೂರು ಸಲ ಕೇಳಿದ್ದರು. ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ಒಂದು ಚೀಟಿ ಕೊಟ್ಟರು. ಅದರಲ್ಲಿ ಎರಡು ನಂಬರ್ ಇದ್ದವು. ಬಿಲ್ ನಂಬರ್ ದಪ್ಪಕ್ಕೆ ಪ್ರಿಂಟ್ ಆಗಿತ್ತು. ಟೋಕನ್ ನಂಬರನ್ನು ಮೂಲೆಯಲ್ಲಿ ಪೆನ್ನಿನಿಂದ ಗೀಚಿದ್ದರು. ಗೋಡೆಯ ಟಿವಿಯಲ್ಲಿ ಬರುತ್ತಿದ್ದದ್ದು ಟೋಕನ್ ನಂಬರ್. ಅಮ್ಮ ನೋಡುತ್ತಿದ್ದದ್ದು ದಪ್ಪ ನಂಬರ್. ಅವರ ಸರದಿ ಬಂದು, ದಾಟಿ ಹೋಗಿತ್ತು. ಗಮನಿಸುವುದಷ್ಟೇ ನನ್ನ ಕೆಲಸ ಅಂದುಕೊಂಡು ನಾನು ಸುಮ್ನೆ ಕೂತಿದ್ದೆ. ಆದರೆ ಬರಿ ಹೊಟ್ಟೆಯಲ್ಲಿ ಕೂತ ಅಮ್ಮನ ಮುಖ ನೋಡಿ ಆಗಲಿಲ್ಲ, ಹೋಗಿ ಹೇಳಿದೆ. ಗಮನಿಸುವವರೂ ಮನುಷ್ಯರೇ, ಅಲ್ವಾ? ಹಾಗೆ ನಡುವೆ ಬಂದಿದ್ದನ್ನೂ ಮ್ಯಾಪಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ಇನ್ನೊಂದು ವಿಷಯ ಮನೆಯಲ್ಲಿ ಕೂತು ಯೋಚಿಸಿದ್ದರೆ ಹೊಳೆಯುತ್ತಲೇ ಇರಲಿಲ್ಲ. ನಂಬರ್ ತಪ್ಪಿಹೋಗುತ್ತದೆ ಅನ್ನುವ ಭಯಕ್ಕೆ ಅಮ್ಮ ಶೌಚಾಲಯಕ್ಕೂ ಎದ್ದು ಹೋಗಿರಲಿಲ್ಲ. ಯಾವ ಆ್ಯಪ್‌ನ ಯಾವ ಪರದೆಯಲ್ಲೂ ಇದು ಕಾಣಿಸುವುದಿಲ್ಲ.

ಎಂಪಥಿ ಮ್ಯಾಪ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಹೇಳುವುದು, ಯೋಚಿಸುವುದು, ಮಾಡುವುದು, ಅನಿಸುವುದು ಅಂತ ಒಬ್ಬರ ಬಗ್ಗೆ ನಾಲ್ಕು ಚೌಕ ತುಂಬುತ್ತೀರಿ. ಇದನ್ನು ಬಳಕೆಗೆ ತಂದವರು ಎಕ್ಸ್‌ಪ್ಲೇನ್ ಸಂಸ್ಥೆಯ ಡೇವ್ ಗ್ರೇ. ಜನರ ಜೊತೆ ಮಾತಾಡಿದ ಮೇಲೆ ತುಂಬಿದರೆ ಉಪಯೋಗ ಇದೆ. ಮಾತಾಡದೆ ತುಂಬಿದರೆ ನಮ್ಮ ಊಹೆಯನ್ನೇ ನಾಲ್ಕು ಡಬ್ಬಿಗೆ ಹಂಚಿದ ಹಾಗೆ.

ಮಾತಾಡಿ ಬಂದ ಟಿಪ್ಪಣಿ ರಾಶಿ ಬಿದ್ದಾಗ ನನಗೆ ನೆರವಾದದ್ದು ಕೆಜೆ ವಿಧಾನ. ಜಪಾನಿನ ಮಾನವಶಾಸ್ತ್ರಜ್ಞ ಕವಾಕಿತಾ ಜಿರೋ ನೇಪಾಳದ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದವರು. ಅಲ್ಲಿಂದ ತರುತ್ತಿದ್ದಂಥ ಚೆಲ್ಲಾಪಿಲ್ಲಿ ಮಾಹಿತಿಯನ್ನು ಜೋಡಿಸಲು ಅವರು ಕಂಡುಕೊಂಡ ದಾರಿ ಇದು. ಒಂದು ಚೀಟಿಗೆ ಒಂದೇ ಸಂಗತಿ. ಎಲ್ಲ ಚೀಟಿಗಳನ್ನೂ ಹರಡಿ, ಒಂದಕ್ಕೊಂದು ಹತ್ತಿರ ಅನಿಸುವುದನ್ನು ಪಕ್ಕಪಕ್ಕ ಇಡುವುದು. ಗುಂಪು ಆದ ಮೇಲೆ ಹೆಸರು ಕೊಡುವುದು. ಹೆಸರು ಮೊದಲು ಬರೆದು ಚೀಟಿಗಳನ್ನು ಅದರೊಳಗೆ ತುರುಕಿದರೆ ಹೊಸದೇನೂ ಸಿಗುವುದಿಲ್ಲ. ಈ ತಪ್ಪನ್ನು ನಾನು ಎರಡು ಸಲ ಮಾಡಿದೆ. ಸ್ಟಿಕಿ ನೋಟ್ ಗೋಡೆಗೆ ಅಂಟಿಸಿ ಮಾಡುವ ಅಫಿನಿಟಿ ಡಯಾಗ್ರಮ್ ಈ ವಿಧಾನದ್ದೇ ಕುಡಿ.

ಪರದೆಯ ಹಿಂದೆ: ಸರ್ವಿಸ್ ಬ್ಲೂಪ್ರಿಂಟ್

ಜರ್ನಿ ಮ್ಯಾಪ್ ಅಮ್ಮನ ಕಡೆಯಿಂದ ಏನಾಯಿತು ಅಂತ ಹೇಳಿತು. ಟೋಕನ್ ನಂಬರ್ ಯಾಕೆ ಪೆನ್ನಿನಲ್ಲಿದೆ ಅಂತ ಹೇಳಲಿಲ್ಲ. ಅದಕ್ಕೆ ಬೇಕಾದದ್ದು ಸರ್ವಿಸ್ ಬ್ಲೂಪ್ರಿಂಟ್, ಅಂದರೆ ಒಂದು ಸೇವೆಯಲ್ಲಿ ಕಾಣುವ, ಕಾಣದ ಕೆಲಸಗಳನ್ನೆಲ್ಲ ತೋರಿಸುವ ಚಿತ್ರ. ಬ್ಯಾಂಕ್ ಕ್ಷೇತ್ರದಲ್ಲಿದ್ದ ಲಿನ್ ಶೊಸ್ಟ್ಯಾಕ್ ಎಂಬುವರು 1980ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ರೂಪಿಸಿದರು. 1984ರ ಲೇಖನದಲ್ಲಿ ಅವರು ಕೊಟ್ಟ ಉದಾಹರಣೆ ಬೀದಿ ಮೂಲೆಯ ಬೂಟ್ ಪಾಲಿಶ್. ಅದಕ್ಕಿಂತ ಸರಳ ಸೇವೆ ಇನ್ನೇನಿದೆ ಅನಿಸುತ್ತದೆ. ಅದರಲ್ಲೂ ಅವರು ತಪ್ಪಾಗಬಹುದಾದ ಜಾಗ ಗುರುತಿಸುತ್ತಾರೆ: ಬೇರೆ ಬಣ್ಣದ ಪಾಲಿಶ್ ಹಚ್ಚಿಬಿಡುವುದು. ಸಾಮಾನ್ಯವಾಗಿ ಹಿಡಿಯುವ ಸಮಯ 2 ನಿಮಿಷ, ಗ್ರಾಹಕರು ಒಪ್ಪುವ ಸಮಯ 5 ನಿಮಿಷ ಅಂತ ಲೆಕ್ಕ ಹಾಕುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಚಿತ್ರದ ನಡುವೆ ಒಂದು ಅಡ್ಡಗೆರೆ ಎಳೆಯುತ್ತಾರೆ. ಗೆರೆಯ ಮೇಲಿನದು ಗ್ರಾಹಕರಿಗೆ ಕಾಣುತ್ತದೆ. ಪಾಲಿಶ್ ಡಬ್ಬಿ ಕೊಂಡು ತರುವಂಥ ಕೆಲಸ ಗೆರೆಯ ಕೆಳಗೆ.

ಜನ ಕಡಿಮೆ ಆದ ಮೇಲೆ ನಾನು ಬಿಲ್ ಕೌಂಟರಿನವರನ್ನೇ ಕೇಳಿದೆ. ಬಿಲ್ ಸಾಫ್ಟ್‌ವೇರ್ ಟೋಕನ್ ನಂಬರ್ ಪ್ರಿಂಟ್ ಮಾಡುವುದಿಲ್ಲವಂತೆ. ಟೋಕನ್ ವ್ಯವಸ್ಥೆ ಆಮೇಲೆ ಬಂದದ್ದು, ಅದರ ಪರದೆ ಬೇರೆ. ಅದನ್ನು ನೋಡಿ ಅವರು ಒಂದೊಂದು ಚೀಟಿಗೂ ಕೈಯಲ್ಲಿ ಬರೆಯುತ್ತಾರೆ, ಬೆಳಿಗ್ಗೆ ಏಳರಿಂದ. ಅವರ ಕೈಬರಹ ಚಿಕ್ಕದಾಗಿರುವುದಕ್ಕೆ ಕಾರಣವೂ ಇತ್ತು. ಚೀಟಿಯಲ್ಲಿ ಖಾಲಿ ಜಾಗ ಇದ್ದದ್ದೇ ಆ ಮೂಲೆಯಲ್ಲಿ. ಅಲ್ಲಿಯವರೆಗೆ ನಾನು ಮನಸ್ಸಿನಲ್ಲೇ ಅವರನ್ನು ಬೈದುಕೊಳ್ಳುತ್ತಿದ್ದೆ. ಗೆರೆಯ ಕೆಳಗಿನದು ಕಂಡ ಮೇಲೆ ಬೈಯಲು ಮನಸ್ಸಾಗಲಿಲ್ಲ.

ಪ್ರೊಟೊಟೈಪ್: ಒಂದು ಸಲಕ್ಕೆ ಒಂದು ಪ್ರಶ್ನೆ

ಪ್ರೊಟೊಟೈಪ್ ಅಂದಕೂಡಲೇ ಫಿಗ್ಮಾ ಎಂಬ ಡಿಸೈನ್ ಸಾಫ್ಟ್‌ವೇರ್ ತೆರೆಯುವವರೇ ಜಾಸ್ತಿ. ಫಿಗ್ಮಾ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಪ್ರೊಟೊಟೈಪ್ ಒಂದು ಪ್ರಶ್ನೆಗೆ ಉತ್ತರ ಹುಡುಕುವ ವಸ್ತು. ಆಪಲ್‌ನಲ್ಲಿದ್ದ ಸ್ಟೆಫನಿ ಹೌಡ್ ಮತ್ತು ಚಾರ್ಲ್ಸ್ ಹಿಲ್ 1997ರಲ್ಲಿ ಈ ಪ್ರಶ್ನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಬಳಸುವವರ ಬದುಕಿನಲ್ಲಿ ಇದರ ಪಾತ್ರ ಏನು? ಇದು ನೋಡಲು, ಮುಟ್ಟಲು ಹೇಗಿರುತ್ತದೆ? ಒಳಗೆ ಇದು ಹೇಗೆ ಕೆಲಸ ಮಾಡುತ್ತದೆ? ಮೂರಕ್ಕೂ ಒಟ್ಟಿಗೆ ಉತ್ತರ ಹುಡುಕಲು ಹೊರಟರೆ ಪ್ರೊಟೊಟೈಪ್ ಮಾಡುವ ಬದಲು ಇಡೀ ಉತ್ಪನ್ನವನ್ನೇ ಕಟ್ಟಬೇಕಾಗುತ್ತದೆ.

ಮೊದಲ ಪ್ರಶ್ನೆಗೆ ನನಗೆ ತುಂಬ ಇಷ್ಟವಾದ ಉದಾಹರಣೆ ಜೆಫ್ ಹಾಕಿನ್ಸ್ ಅವರ ಮರದ ತುಂಡು. 1996ರಲ್ಲಿ ಬಂದ ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರನ್ನು ಮಾಡಿದವರು ಅವರು. ಅದಕ್ಕೆ ಮೊದಲು ಜೂಮರ್ ಎಂಬ ಸಾಧನದ ಮೇಲೆ ದುಡಿದಿದ್ದರು, ಅದು ಸೋತಿತ್ತು. ಈ ಸಲ ಏನನ್ನೂ ತಯಾರಿಸುವ ಮುಂಚೆ, ಅಂಗಿ ಜೇಬಿಗೆ ಹಿಡಿಯುವಷ್ಟು ಒಂದು ಮರದ ತುಂಡು ಕತ್ತರಿಸಿಕೊಂಡರು. ಬರೆಯುವ ಕಡ್ಡಿಯಾಗಿ ಕೆತ್ತಿದ ಚಾಪ್‌ಸ್ಟಿಕ್. ಹೋದಲ್ಲೆಲ್ಲ ಅದನ್ನು ಒಯ್ದರು. ಯಾರಾದರೂ ‘ಬುಧವಾರ ಸಿಗೋಣವಾ?’ ಅಂದರೆ ತುಂಡನ್ನು ಹೊರತೆಗೆದು ಬರೆದುಕೊಳ್ಳುವಂತೆ ಮಾಡುತ್ತಿದ್ದರು. ಅದರಲ್ಲಿ ಒಂದೇ ಒಂದು ಬಟನ್ ಕೂಡ ಕೆಲಸ ಮಾಡುತ್ತಿರಲಿಲ್ಲ. ಆದರೂ ಇದನ್ನು ಜೇಬಿನಲ್ಲಿ ಇಟ್ಟುಕೊಳ್ಳಲು ಮನಸ್ಸಾಗುತ್ತದಾ, ಯಾವ ಕೆಲಸಕ್ಕೆ ಕೈ ಇದರತ್ತ ಹೋಗುತ್ತದೆ ಅಂತ ತಿಳಿಯಲು ಅಷ್ಟು ಸಾಕಾಗಿತ್ತು.

ಇದಕ್ಕೂ ಮೊದಲಿನದು ಸ್ಕ್ಯಾಂಡಿನೇವಿಯಾದ ಯುಟೋಪಿಯಾ ಯೋಜನೆ. 1981ರಿಂದ 1985ರವರೆಗೆ ಅಲ್ಲಿನ ಸಂಶೋಧಕರು ಪತ್ರಿಕೆಗಳ ಅಚ್ಚು ಕೆಲಸಗಾರರ ಜೊತೆ ಕೂತು, ಮುಂದೆ ಬರಲಿರುವ ಕಂಪ್ಯೂಟರ್ ಹೇಗಿರಬೇಕು ಅಂತ ಯೋಚಿಸಿದರು. ಖಾಲಿ ರಟ್ಟಿನ ಡಬ್ಬಿಯ ಮೇಲೆ ‘ಲೇಸರ್ ಪ್ರಿಂಟರ್’ ಅಂತ ಬರೆದು ಮೇಜಿನ ಮೇಲೆ ಇಟ್ಟರು. ರಟ್ಟಿನಿಂದ ಏನು ಲಾಭ? ಕೆಲಸಗಾರರೇ ಕತ್ತರಿ ಹಿಡಿದು ಅದನ್ನು ಬದಲಾಯಿಸಬಹುದಿತ್ತು. ಮಿರಿಮಿರಿ ಮಿಂಚುವ ಪರದೆ ತೋರಿಸಿದರೆ ಜನ ‘ಚೆನ್ನಾಗಿದೆ’ ಅಂದು ಸುಮ್ಮನಾಗುತ್ತಾರೆ. ಕಾಗದ, ರಟ್ಟು ತೋರಿಸಿದರೆ ‘ಇದನ್ನು ಇಲ್ಲಿಡಿ’ ಅನ್ನುತ್ತಾರೆ.

ಕನ್ನಡದಲ್ಲಿ ಮಾಡುವಾಗ

ಟೋಕನ್ ಚೀಟಿಗೂ ಒಂದು ಚಿಕ್ಕ ಮೊಬೈಲ್ ಆ್ಯಪ್‌ಗೂ ಕಾಗದದ ಪ್ರೊಟೊಟೈಪ್ ಮಾಡಿದೆ. ಹಳೆ ಕ್ಯಾಲೆಂಡರಿನ ಹಿಂಬದಿ ಇದಕ್ಕೆ ತುಂಬ ಚೆನ್ನಾಗಿ ಒದಗುತ್ತದೆ, ಗಟ್ಟಿ ಇರುತ್ತದೆ. ಒಂದು ಹಾಳೆಗೆ ಒಂದು ಪರದೆ. ಒಬ್ಬರು ಬೆರಳಿನಿಂದ ಒತ್ತುತ್ತಾರೆ, ಇನ್ನೊಬ್ಬರು ಕಂಪ್ಯೂಟರ್ ಆಗಿ ಹಾಳೆ ಬದಲಾಯಿಸುತ್ತಾರೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಜಾಗ ತುಂಬಲು ಲ್ಯಾಟಿನ್ ಅಕ್ಷರಗಳ ಅರ್ಥವಿಲ್ಲದ ಪಠ್ಯ ಹಾಕಬೇಡಿ. ಮೊದಲ ಗೀಟಿನಿಂದಲೇ ನಿಜವಾದ ಕನ್ನಡ ಬರೆಯಿರಿ. ‘ನೆಕ್ಸ್ಟ್’ಗೆ ಇಂಗ್ಲಿಷ್‌ನಲ್ಲಿ ನಾಲ್ಕು ಅಕ್ಷರ ಸಾಕು. ‘ಮುಂದುವರಿಯಿರಿ’ ಆ ಬಟನ್ನಿನಲ್ಲಿ ಹಿಡಿಯುವುದಿಲ್ಲ. ‘ಮುಂದೆ’ ಅಂದರೆ ಹಿಡಿಯುತ್ತದೆ, ಅರ್ಥವೂ ಆಗುತ್ತದೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ರಾಷ್ಟ್ರೀಯ’, ‘ಶಸ್ತ್ರಚಿಕಿತ್ಸೆ’ ಅಂತ ಬರೆದು ನೋಡಿ. ಇಂಗ್ಲಿಷ್ ಅಳತೆಗೆ ಮಾಡಿದ ಚೌಕದಲ್ಲಿ ಒತ್ತು ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿಗೆ ತಗಲುತ್ತದೆ.

ಪದಗಳದ್ದು ಇನ್ನೂ ದೊಡ್ಡ ಪಾಠ. ಮೊದಲ ಹಾಳೆಯಲ್ಲಿ ನಾನು ‘ಮಾದರಿ ಸಂಗ್ರಹ ಕೇಂದ್ರ’ ಅಂತ ಬರೆದಿದ್ದೆ. ಪಕ್ಕದ ಮನೆಯ ಹಿರಿಯರೊಬ್ಬರು ಅದನ್ನು ಜೋರಾಗಿ ಓದಿ, ‘ಏನು ಮಾದರಿ?’ ಅಂತ ಕೇಳಿದರು. ಸರಿ ಅಂತ ಹೊಡೆದುಹಾಕಿ ‘ರಕ್ತ ಕೊಡುವ ಜಾಗ’ ಅಂತ ಬರೆದೆ. ಅಮ್ಮ ಮನೆಯಲ್ಲಿ ಹಾಗೇ ಹೇಳುವುದು. ಮುಂದಿನವರು ಅದನ್ನು ರಕ್ತದಾನ ಅಂದುಕೊಂಡರು. ಮೂರನೇ ಸಲ ‘ರಕ್ತ ಪರೀಕ್ಷೆ ಕೋಣೆ’ ಆಯಿತು, ಯಾರೂ ತಡೆಯಲಿಲ್ಲ. ಎರಡು ಸಲ ಬದಲಾಯಿಸಲು ಒಂದು ಪೆನ್ನು, ಒಂದು ತುಂಡು ಕಾಗದ ಸಾಕಾಯಿತು.

ಎಷ್ಟು ಜನರಿಗೆ ತೋರಿಸಬೇಕು? ಐದು ಅನ್ನುವ ಸಂಖ್ಯೆಯನ್ನು ಎಲ್ಲರೂ ಕೇಳಿರುತ್ತೀರಿ. ಅದು ಬಂದದ್ದು ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಹಾಕಿದ ಲೆಕ್ಕದಿಂದ. ಅವರು ನೋಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರರಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಗೊತ್ತಾಗುತ್ತಿದ್ದವು. ಆ ಲೆಕ್ಕ ಮುಂದುವರಿಸಿದರೆ ಐದು ಜನರಿಗೆ ಸುಮಾರು ಶೇ 85. ಇದು ಸರಾಸರಿ ಅನ್ನುವುದನ್ನು ಮರೆಯಬೇಡಿ. ಒಂದೇ ಆಫೀಸಿನ ಐದು ಗೆಳೆಯರಿಗೆ ತೋರಿಸಿ ಕೈ ತೊಳೆದುಕೊಳ್ಳುವುದಕ್ಕೆ ಇದು ಪರವಾನಗಿ ಆಗುವುದಿಲ್ಲ. ಕಲಬುರಗಿಯವರ ಮಾತು, ಮಂಗಳೂರಿನವರ ಮಾತು ಬೇರೆ. ಓದು ಬರಹ ಕಡಿಮೆ ಇರುವವರ ಕಣ್ಣು ಹಾಳೆಯ ಮೇಲೆ ಓಡಾಡುವ ರೀತಿಯೇ ಬೇರೆ. ಬೇರೆ ಬೇರೆ ಗುಂಪಿನಿಂದ ಜನ ಬೇಕು.

ಪರೀಕ್ಷೆ ಮಾಡುವಾಗ ‘ಇದು ಇಷ್ಟ ಆಯ್ತಾ?’ ಅಂತ ಕೇಳಬೇಡಿ. ನಮ್ಮ ಜನ ಮನಸ್ಸು ನೋಯಿಸಲು ಹಿಂಜರಿಯುತ್ತಾರೆ, ಹೌದು ಅಂದುಬಿಡುತ್ತಾರೆ. ‘ನಾಳೆ ಶುಗರ್ ಟೆಸ್ಟ್ ಇದೆ ಅಂದುಕೊಳ್ಳಿ, ಏನು ಮಾಡ್ತೀರಿ ತೋರಿಸಿ’ ಅನ್ನಿ. ಆಮೇಲೆ ಸುಮ್ಮನಿರಿ. ಅವರು ತಡವರಿಸಿದಾಗ ಬಾಯಿ ಬಿಡದೆ ಕೂರುವುದೇ ಇದರಲ್ಲಿ ಅತಿ ಕಷ್ಟದ ಭಾಗ.

ವಿಜರ್ಡ್ ಆಫ್ ಆಝ್

ಯಂತ್ರದ ಕೆಲಸವನ್ನು ಮರೆಯಲ್ಲಿ ಕೂತ ಮನುಷ್ಯ ಮಾಡುವ ಪ್ರೊಟೊಟೈಪ್‌ಗೆ ಈ ಹೆಸರು. ಆ ಹೆಸರಿನ ಕಥೆಯಲ್ಲಿ ಮಹಾ ಮಾಂತ್ರಿಕ ಅಂತ ಎಲ್ಲರೂ ನಂಬಿದ್ದವನು ಪರದೆ ಹಿಂದಿನ ಒಬ್ಬ ಸಾಮಾನ್ಯ ಮನುಷ್ಯ. ಐಬಿಎಂನ ಜಾನ್ ಗೌಲ್ಡ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಮಾದರಿ. ಮಾತು ಕೇಳಿ ಟೈಪ್ ಮಾಡುವ ಯಂತ್ರ ಆಗ ಇನ್ನೂ ಸಾಧ್ಯವಿರಲಿಲ್ಲ. ಅಂಥದ್ದು ಇದ್ದರೆ ಜನ ಅದರಲ್ಲಿ ಪತ್ರ ಬರೆದಾರೇ ಅನ್ನುವುದು ಪ್ರಶ್ನೆ. ಭಾಗವಹಿಸಿದವರು ಮಾತಾಡಿದರು, ಕಾಣದ ಕಡೆ ಕೂತ ಟೈಪಿಸ್ಟ್ ಟೈಪ್ ಮಾಡಿದರು, ಅಕ್ಷರಗಳು ಪರದೆಯಲ್ಲಿ ಮೂಡಿದವು. ಪದಗಳನ್ನು ಬಿಡಿಬಿಡಿಯಾಗಿ ಹೇಳಬೇಕಾದ, ಅಷ್ಟೇನೂ ಪರಿಪೂರ್ಣವಲ್ಲದ ಯಂತ್ರವೂ ಉಪಯೋಗಕ್ಕೆ ಬರಬಹುದು ಅಂತ ಅದರಿಂದ ಗೊತ್ತಾಯಿತು. ಯಂತ್ರ ಕಟ್ಟುವ ಮೊದಲೇ!

ನಾನೂ ಇದನ್ನು ಒಂದು ಸಂಜೆ ಮಾಡಿದೆ. ಅಮ್ಮ ಶೌಚಾಲಯಕ್ಕೂ ಏಳದೆ ಕೂತಿದ್ದರಲ್ಲ, ಅದಕ್ಕೆ ನನ್ನ ಉಪಾಯ ಒಂದು ಫೋನ್ ಕರೆ. ಸರದಿಗೆ ಮೂರು ಜನ ಇರುವಾಗ ಯಂತ್ರವೇ ಕರೆ ಮಾಡಿ ‘ನಿಮ್ಮ ಸರದಿ ಹತ್ತಿರ ಬಂತು’ ಅಂತ ಕನ್ನಡದಲ್ಲಿ ಹೇಳುತ್ತದೆ. ಯಂತ್ರದ ಬದಲು ತಮ್ಮನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಅವನ ಕೈಗೆ ಹೊಸ ನಂಬರಿನ ಸಿಮ್ ಕೊಟ್ಟೆ. ಅಮ್ಮನಿಗೆ ಚೀಟಿ ಕೊಟ್ಟು, ಆಸ್ಪತ್ರೆಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ ಅಂದೆ. ಫೋನ್ ರಿಂಗ್ ಆಯಿತು. ಅಮ್ಮ ನಂಬರ್ ನೋಡಿದರು, ‘ಯಾವುದೋ ಲೋನಿನವರು’ ಅಂತ ಕಟ್ ಮಾಡಿದರು.

ಎರಡನೇ ಸಲ, ‘ಈ ನಂಬರಿಂದ ಫೋನ್ ಬರುತ್ತೆ, ತೆಗೀರಿ’ ಅಂತ ಚೀಟಿ ಕೊಡುವಾಗಲೇ ಹೇಳಿದೆ. ತೆಗೆದರು. ಹಾಗಾದರೆ ಆ ಒಂದು ವಾಕ್ಯವನ್ನು ಆಸ್ಪತ್ರೆಯಲ್ಲಿ ಹೇಳುವವರು ಯಾರು? ಬೆಳಿಗ್ಗೆ ಏಳರಿಂದ ಪೆನ್ನಿನಲ್ಲಿ ಟೋಕನ್ ಬರೆಯುತ್ತಾ ಕೂತಿರುವವರೇ. ಬ್ಲೂಪ್ರಿಂಟ್ ಮತ್ತೆ ಹರಡಿಕೊಂಡು, ಅವರ ಸಾಲಿನಲ್ಲಿ ಒಂದು ಚೌಕ ಸೇರಿಸಿದ್ದೇನೆ. ಕೈಯಲ್ಲಿ ಬರೆಯುವ ಚೌಕವನ್ನು ತೆಗೆಯದೆ ಇದನ್ನು ಸೇರಿಸಿದರೆ ಅವರಿಗೆ ಹೊರೆ ಎಷ್ಟಾಗುತ್ತದೆ ಅನ್ನುವುದು ಈ ವಾರದ ನನ್ನ ಪ್ರಶ್ನೆ.