ಪಿಜಿಗೆ ಬರೋ 'ಅಮ್ಮ', ಅದೂ ಶಿವರಾತ್ರಿ ಹೊತ್ತಿಗೇ ಯಾಕೆ?

ಬೆಂಗಳೂರಲ್ಲಿ ಪಿಜಿಲಿ ಇದ್ದವರಿಗೆ ಈ ಸೀನ್ ಗೊತ್ತಿರತ್ತೆ. ಸಂಕ್ರಾಂತಿ ಮುಗಿದು ಸ್ವಲ್ಪ ದಿನಕ್ಕೆ ಒಬ್ಬನಿಗೆ ಜ್ವರ, ಮೈಕೈ ನೋವು, ಮಾರನೇ ದಿನ ಎದೆ ಮೇಲೆ ನೀರ್ಗುಳ್ಳೆ, ಓನರ್ ಆಂಟಿ ಬಾಗಿಲಲ್ಲೇ ನಿಂತು "ಅಮ್ಮ ಆಗಿದೆ ಕಣಪ್ಪ, ಊರಿಗೆ ಹೋಗ್ಬಿಡು" ಅಂತಾರೆ, ಅವನು ಬ್ಯಾಗ್ ಎತ್ಕೊಂಡು ಬಸ್ ಹತ್ತಿ ಬಸ್ಸಿನವರಿಗೂ ಒಂದಿಷ್ಟು ಹಂಚ್ಕೊಂಡು ಹೋಗ್ತಾನೆ. ಪಿಜಿಲಿ ಎಲ್ಲರೂ ನಿರಾಳ. ಎರಡು ವಾರಕ್ಕೆ ರೂಮ್‌ಮೇಟ್‌ಗೆ ಶುರು! ಯಾಕಂದ್ರೆ ಗುಳ್ಳೆ ಕಾಣೋಕೆ ಒಂದೆರಡು ದಿನ ಮುಂಚೆನೇ ಚಿಕನ್‌ಪಾಕ್ಸ್ ಹರಡತ್ತೆ, ಮೈಗೆ ಹೊಕ್ಕಮೇಲೆ ಹೊರಗೆ ಕಾಣಿಸ್ಕೊಳ್ಳೋಕೆ 10ರಿಂದ 21 ದಿನ ತಗೊಳತ್ತೆ.

ಇದು ಮಕ್ಕಳ ಕಾಯಿಲೆ ಅಲ್ವಾ ಅಂತೀರಾ? ಆ ಮಾತು ಚಳಿ ದೇಶಗಳಿಗೆ ಸರಿ, ಇಂಗ್ಲೆಂಡಂಥ ಕಡೆ ಹೆಚ್ಚಿನವರಿಗೆ ಚಿಕ್ಕವರಿದ್ದಾಗಲೇ ಆಗಿ ಮುಗಿದಿರತ್ತೆ. ನಮ್ಮಲ್ಲಿ ಬಾಕಿ ಉಳಿದವರು ಜಾಸ್ತಿ. 2000ದಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ರಕ್ತ ಪರೀಕ್ಷೆ ಮಾಡಿ ನೋಡಿದಾಗ 16ರಿಂದ 25 ವಯಸ್ಸಿನವರಲ್ಲಿ ಸುಮಾರು 80% ಜನಕ್ಕೆ ಮಾತ್ರ ಈ ವೈರಸ್ ವಿರುದ್ಧ ಪ್ರತಿಕಾಯ ಇತ್ತು, ಅಂದ್ರೆ ಐದು ಜನರಲ್ಲಿ ಒಬ್ರಿಗೆ ಇನ್ನೂ ಆಗೇ ಇಲ್ಲ.

ಯಾಕೆ ಹೀಗೆ? ಬಿಸಿಲಿಗೆ ಈ ವೈರಸ್ ತಡ್ಕೊಳ್ಳಲ್ಲ, ಅದಕ್ಕೇ ಸೆಕೆ ಇರೋ ದೇಶದಲ್ಲಿ ಕಮ್ಮಿ ಹರಡತ್ತೆ ಅನ್ನೋದು ಹಳೇ ವಾದ. ಆದ್ರೆ ಪಶ್ಚಿಮ ಬಂಗಾಳದಲ್ಲಿ ಮಾಡಿದ, 1998ರಲ್ಲಿ ಬಂದ ಅಧ್ಯಯನ ಕೋಲ್ಕತ್ತಾದವರನ್ನೂ ಹಳ್ಳಿಯವರನ್ನೂ ಹೋಲಿಸಿ ನೋಡ್ತು, ಪೇಟೆಯವರಿಗಿಂತ ಹಳ್ಳಿಯ ಯುವಕರಲ್ಲೇ ಪ್ರತಿಕಾಯ ಇಲ್ಲದವರು ಜಾಸ್ತಿ ಸಿಕ್ರು. ಇಬ್ಬರ ನೆತ್ತಿ ಮೇಲೂ ಅದೇ ಸೂರ್ಯ ತಾನೆ? ಹಾಗಾಗಿ ಬರೀ ಬಿಸಿಲಿನ ಕಥೆ ಸಾಕಾಗಲ್ಲ, ಚಿಕ್ಕಂದಿನಲ್ಲಿ ಎಷ್ಟು ಜನರ ಮಧ್ಯೆ ಬೆಳೆದ್ವಿ ಅನ್ನೋದೂ ಲೆಕ್ಕಕ್ಕೆ ಬರತ್ತೆ. ಊರಾಚೆ ತೋಟದ ಮನೇಲಿ ಬೆಳೆದ ಹುಡುಗ ಡಿಗ್ರಿಗೋ ಕೆಲಸಕ್ಕೋ ಬಂದು ಒಂದು ರೂಮಲ್ಲಿ ನಾಲ್ಕು ಮಂಚ ಇರೋ ಕಡೆ ಸೇರ್ಕೊಂಡ್ರೆ, ಕಾಯಿಲೆ ಆಗದೇ ಇರೋ ಹತ್ತು ಜನ ಒಂದೇ ಮನೇಲಿದ್ರೆ ಒಂಬತ್ತು ಜನಕ್ಕೆ ಹಿಡಿಯೋ ತಾಕತ್ತಿರೋ ವೈರಸ್ಸಿಗೆ ಇನ್ನೇನ್ ಬೇಕು.

ಇನ್ನು ಸೀಸನ್. ನಮ್ಮಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಇದರ ಭರಾಟೆ, ಮಳೆ ಹಿಡೀತು ಅಂದ್ರೆ ಇಳಿಯತ್ತೆ. ಚಳಿ ಹೋಗ್ತಾ ಇರೋ ಆ ಒಣ ಗಾಳಿ ಅದಕ್ಕೆ ಅನುಕೂಲ ಇರಬಹುದು, ಕಾಲೇಜು ತುಂಬಿರತ್ತೆ, ಮದುವೆ ಜಾತ್ರೆ ಅಂತ ಓಡಾಟನೂ ಜೋರು. ಬಂಗಾಳಿಯಲ್ಲಂತೂ ಇದರ ಹೆಸರೇ 'ಜಲ ಬಸಂತ', ಋತುನೇ ರೋಗದ ಹೆಸರಲ್ಲಿ ಕೂತಿದೆ. ಸೂಕ್ಷ್ಮದರ್ಶಕ ಇಲ್ಲದೇನೇ ನಮ್ಮ ಅಜ್ಜಿಯಂದಿರು ಕ್ಯಾಲೆಂಡರ್ ಕರೆಕ್ಟಾಗಿ ಹಿಡಿದಿದ್ರು ನೋಡಿ.

ದೊಡ್ಡವರಿಗೆ ಬಂದ್ರೆ ಜೋರಾಗೇ ಬರತ್ತೆ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗೋ ಅಪಾಯ ಮಕ್ಕಳಿಗಿಂತ ಜಾಸ್ತಿ, ಸಿಗರೇಟ್ ಸೇದೋರಿಗೆ, ಬಸುರಿಯರಿಗೆ ಇನ್ನೂ ಜಾಸ್ತಿ. ಬೇವಿನ ಸೊಪ್ಪು ಹಾಸ್ಕೊಂಡು ಮಲಗಿ, ಬೇಡ ಅನ್ನಲ್ಲ, ಆದ್ರೆ ಅಸೈಕ್ಲೋವಿರ್ ಮಾತ್ರೆ ಗುಳ್ಳೆ ಎದ್ದ 24 ಗಂಟೆಯೊಳಗೆ ಶುರು ಮಾಡಿದ್ರೇ ಚೆನ್ನಾಗಿ ಕೆಲಸ ಮಾಡೋದು, ಮೂರು ದಿನ ಕಾದು ಡಾಕ್ಟರ್ ಹತ್ರ ಹೋದ್ರೆ ಅವರು ತಾನೆ ಏನ್ ಮಾಡ್ತಾರೆ. ಲಸಿಕೆ ಜಪಾನಿನ ಮಿಚಿಯಾಕಿ ತಕಹಾಶಿ 1974ರಷ್ಟು ಹಿಂದೆನೇ ಮಾಡಿಟ್ಟಿದ್ದಾರೆ, ಖಾಸಗಿ ಆಸ್ಪತ್ರೆಗಳಲ್ಲಿ ದುಡ್ಡು ಕೊಟ್ರೆ ಸಿಗತ್ತೆ, ಒಂದೂ ಸಲ ಆಗದ ದೊಡ್ಡವರೂ ಎರಡು ಡೋಸ್ ತಗೋಬಹುದು.

ಹಾಗಾದ್ರೆ ಮಳೆಗಾಲದಲ್ಲಿ ಈ ವೈರಸ್ ಎಲ್ಲಿರತ್ತೆ? ನಮ್ಮೊಳಗೇ. ಗುಳ್ಳೆ ಒಣಗಿದ್ರೂ ಅದು ಬೆನ್ನುಹುರಿ ಪಕ್ಕದ ನರದ ಗಂಟಲ್ಲಿ ದಶಕಗಟ್ಲೆ ಮಲಗಿರತ್ತೆ, ವಯಸ್ಸಾಗಿ ಮೈ ಸೋತಾಗ ಸರ್ಪಸುತ್ತಾಗಿ ಏಳತ್ತೆ. ಅದಕ್ಕೆ ಇಂಥದ್ದೇ ತಿಂಗಳು ಅಂತ ಇಲ್ಲ. ಇಂಗ್ಲೆಂಡಿನ ಹಳ್ಳಿ ಡಾಕ್ಟರ್ ಎಡ್ಗರ್ ಹೋಪ್-ಸಿಂಪ್ಸನ್ ಇದನ್ನ 1965ರಲ್ಲಿ ವಿವರವಾಗಿ ಬರೆದ್ರು. ತಾತನ ಸೊಂಟದ ಮೇಲಿನ ಆ ಗುಳ್ಳೆ ಸಾಲಿಂದ ಮೊಮ್ಮಗನಿಗೆ ಚಿಕನ್‌ಪಾಕ್ಸ್ ಬರತ್ತೆ, ಮೊಮ್ಮಗ ಮತ್ತೆ ಪಿಜಿಗೆ ಹೊರಡ್ತಾನೆ.