ರಾತ್ರಿ ಪ್ರಯಾಣದಲ್ಲಿ ಕುದುರೆಯ ತಲೆ

"ಕುದುರೆ ದಾಣಿ ಮುಟ್ಟುತ್ತಿಲ್ಲ ಸಾರ್, ಮೈ ಸುಡುತ್ತಿದೆ" ಎಂದು ಬೆಳಗಿನ ಐದು ಗಂಟೆಗೆ ಫೋನ್ ಬಂದರೆ, ಎರಡು ಮೂರು ದಿನದ ಹಿಂದೆ ಗಾಡಿ ಹತ್ತಿತ್ತೇ ಎಂದು ಮೊದಲು ಕೇಳುತ್ತೇನೆ. ಹೌದು ಎಂದರೆ ಎರಡನೆಯ ಪ್ರಶ್ನೆ: ತಲೆಯನ್ನು ಎಷ್ಟು ಗಿಡ್ಡಕ್ಕೆ ಕಟ್ಟಿದ್ದಿರಿ? ಬಹಳ ಸಲ ಅತ್ತ ಕಡೆಯಿಂದ ಮಾತೇ ಬರುವುದಿಲ್ಲ.

ಕುದುರೆಯನ್ನು ಕತ್ತಲಾದ ಮೇಲೆ ಸಾಗಿಸಬಾರದು ಎನ್ನುವ ಪೈಕಿ ನಾನಲ್ಲ. ಬೇಸಿಗೆಯಲ್ಲಿ ನಾನೇ ಸಂಜೆ ಹೊರಡಿ ಎನ್ನುತ್ತೇನೆ. ಒಂದೊಂದೂ ಸುಮಾರು 450 ಕಿಲೋ ತೂಗುವ ನಾಲ್ಕು ಪ್ರಾಣಿಗಳು ತಗಡಿನ ಗಾಡಿಯೊಳಗೆ ಉಸಿರಾಡುತ್ತಿರುವಾಗ, ಏಪ್ರಿಲ್ ಮಧ್ಯಾಹ್ನ ಮದ್ದೂರಿನ ಹತ್ತಿರ ವಾಹನಗಳು ಅರ್ಧ ಗಂಟೆ ಅಲುಗಾಡದೆ ನಿಂತರೆ ಒಳಗೆ ಏನಾಗುತ್ತದೆ ಎಂದು ನಿಂತು ನೋಡಿದವರಿಗೆ ಗೊತ್ತು. ರಾತ್ರಿ ತಂಪು, ರಸ್ತೆಯೂ ಖಾಲಿ. ಕತ್ತಲೆಗೆ ಕುದುರೆ ಹೆದರುವುದೂ ಇಲ್ಲ. ಮಬ್ಬಿನಲ್ಲಿ ಅದರ ಕಣ್ಣು ನಮ್ಮ ಕಣ್ಣಿಗಿಂತ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಒಗ್ಗದಿರುವುದು ಬೆಳಕಿನಿಂದ ಕತ್ತಲೆಗೆ, ಕತ್ತಲೆಯಿಂದ ಬೆಳಕಿಗೆ ಹಠಾತ್ತನೆ ಹೋಗುವುದು. ಬೆಳಕು ಬದಲಾದಾಗ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೆಚ್ಚು ಹೊತ್ತು ಬೇಕು.

ಗಾಡಿ ಹತ್ತಿಸುವಾಗಿನ ಜಗಳದಲ್ಲಿ ಅರ್ಧ ಹುಟ್ಟುವುದು ಇಲ್ಲಿಂದಲೇ. ಒಮ್ಮೆ ಒಂದು ಲಾಯದಲ್ಲಿ ಐದು ಜನ ಸೇರಿ ಹೆಣ್ಣು ಕುದುರೆಯೊಂದನ್ನು ಹತ್ತಿಸಲು ಮುಕ್ಕಾಲು ಗಂಟೆಯಿಂದ ಹೆಣಗುತ್ತಿದ್ದರು. ಒಬ್ಬ ಮುಂದಿನಿಂದ ಜಗ್ಗುತ್ತಿದ್ದ, ಇಬ್ಬರು ಹಿಂದಿನಿಂದ ಹಗ್ಗ ಹಾಕಿ ತಳ್ಳುತ್ತಿದ್ದರು, ಮತ್ತೊಬ್ಬ ಸಹಾಯ ಮಾಡುವ ಉತ್ಸಾಹದಲ್ಲಿ ಟಾರ್ಚನ್ನು ನೇರ ಅದರ ಮುಖಕ್ಕೆ ಹಿಡಿದಿದ್ದ. ಗಾಡಿಯ ಒಳಗೆ ಮಾತ್ರ ಗವಿಯಂಥ ಕತ್ತಲು. ಟಾರ್ಚ್ ಆರಿಸಿಸಿ, ಒಳದೀಪ ಹಾಕಿಸಿ, ಲಾಯದ ಬಾಗಿಲಿನ ಬಲ್ಬಿನ ಬೆಳಕು ಹಲಗೆಯ ಮೇಲೆ ಬೀಳುವಂತೆ ಗಾಡಿಯನ್ನು ತಿರುಗಿಸಿ ನಿಲ್ಲಿಸಿದೆವು. ಕುದುರೆ ತಲೆ ಬಗ್ಗಿಸಿ ಹಲಗೆಯನ್ನು ಮೂಸಿತು, ಒಂದು ಗೊರಸಿಟ್ಟು ತೆಗೆಯಿತು, ಮತ್ತೆ ಇಟ್ಟಿತು. ಆಮೇಲೆ ಹತ್ತಿತು. ತಲೆ ಬಗ್ಗಿಸಿ ನೋಡಲು ಬಿಟ್ಟಿದ್ದಷ್ಟೇ ನಾವು ಮಾಡಿದ ಉಪಕಾರ.

ಪ್ರಾಣಿ ಸಾಗಣೆಯ 1978ರ ನಿಯಮಗಳಲ್ಲಿ ನನಗೆ ಮೆಚ್ಚಿಗೆಯಾದ ಒಂದು ಮಾತಿದೆ: ಕುದುರೆ ಬೆದರದಂತೆ ಅದರ ತಲೆ ಎಡಕ್ಕೆ, ಅಂದರೆ ಎದುರು ವಾಹನಗಳು ಹಾದುಹೋಗುವ ಬದಿಗೆ ಬೆನ್ನಾಗಿ ಇರಬೇಕು. ಬರೆದವರು ರಾತ್ರಿಯನ್ನು ಎಣಿಸಿದ್ದರೋ ಇಲ್ಲವೋ, ಎದುರು ಲಾರಿಗಳ ಹೈಬೀಮ್ ಕಣ್ಣಿಗೆ ಹೊಡೆಯುವ ನಮ್ಮ ಹೆದ್ದಾರಿಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಒಂದು ಗಾಡಿಯಲ್ಲಿ ನಾಲ್ಕರಿಂದ ಆರು ಕುದುರೆಗಿಂತ ಹೆಚ್ಚು ಬೇಡ, ಜೊತೆಗೊಬ್ಬ ಆಳು ಇರಲಿ ಎನ್ನುವುದೂ ಅಲ್ಲೇ ಇದೆ. ಗಂಟೆಗೆ 35 ಕಿಲೋಮೀಟರ್ ಮೀರಬಾರದು ಎಂಬ ಸಾಲನ್ನು ಓದಿ ಹೇಳಿದರೆ ಚಾಲಕರು ನಗುತ್ತಾರೆ. ಹೊಸ ಚಾಲಕ ಬಂದರೆ ನಾನು ವಾದಕ್ಕಿಳಿಯುವುದಿಲ್ಲ. ಖಾಲಿ ಗಾಡಿಯ ಹಿಂಭಾಗದಲ್ಲಿ ಅವನನ್ನು ನಿಲ್ಲಿಸಿ, ಕಂಬಿ ಹಿಡಿಯಬೇಡ ಎಂದು ಹೇಳಿ, ಲಾಯದ ಅಂಗಳದಲ್ಲೇ ಎರಡು ಸುತ್ತು ಹೊಡೆಸುತ್ತೇನೆ. ಮೊದಲ ತಿರುವಿನಲ್ಲೇ ಅವನಿಗೆ ಬ್ರೇಕಿನ ಬೆಲೆ ತಿಳಿಯುತ್ತದೆ.

ಜೀಪಿನ ಹಿಂದೆ ಟ್ರೇಲರ್ ಕಟ್ಟಿ ಒಯ್ಯುವವರು ನಮ್ಮಲ್ಲಿ ಕಡಿಮೆ, ಸವಾರಿ ಶಾಲೆಯವರಲ್ಲಿ ಕೆಲವರಿದ್ದಾರೆ. ಅವರಿಗೆ ಎರಡೇ ಮಾತು. ಟ್ರೇಲರಿನ ಹಿಂದೀಪ ಆರಿದರೆ ಎಳೆಯುವವನಿಗೆ ಕಾಣುವುದಿಲ್ಲ, ನಿಲ್ಲಿಸಿದಾಗಲೆಲ್ಲ ಇಳಿದು ಹೋಗಿ ನೋಡಿ. ಎರಡು ಕುದುರೆಗಳ ಜಾಗದಲ್ಲಿ ಒಂದೇ ಇದ್ದರೆ ಬಲಬದಿಯಲ್ಲಿ ನಿಲ್ಲಿಸಿ; ನಮ್ಮ ರಸ್ತೆಯ ಇಳಿಜಾರು ಎಡಕ್ಕೆ.

ಈಗ ಹಗ್ಗದ ವಿಷಯ. ಕೆಲವು ವರ್ಷಗಳ ಹಿಂದೆ, ಊಟಿಯ ಬೇಸಿಗೆ ರೇಸುಗಳ ಕಾಲ. ಮೈಸೂರಿನಿಂದ ಮೂರು ಕುದುರೆಗಳು ಸಂಜೆ ಐದಕ್ಕೆ ಹೊರಡಬೇಕಿತ್ತು. ಮಾಲೀಕರ ಸಾಮಾನು ಬರುವುದು ತಡವಾಗಿ ಹೊರಟಿದ್ದು ಏಳೂವರೆಗೆ. ಬಂಡೀಪುರದ ರಸ್ತೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ ಎಂಬುದು ಚಾಲಕನಿಗೆ ಚೆನ್ನಾಗಿಯೇ ಗೊತ್ತಿತ್ತು. ಗುಂಡ್ಲುಪೇಟೆ ದಾಟಿದ ಮೇಲೆ ಗಾಡಿಯನ್ನು ಓಡಿಸಿದ್ದಾನೆ. ಒಳಗೆ ಕುದುರೆಗಳು ಕಾಲೂರಲು ಒದ್ದಾಡಿವೆ. ಆದರೂ ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟ್ ತಲುಪಿದಾಗ ಒಂಬತ್ತು ಹತ್ತು. ಗೇಟು ಬಿದ್ದಿತ್ತು.

ಹಿಂದಿರುಗಿ ಗುಂಡ್ಲುಪೇಟೆಗೆ ಹೋಗಬಹುದಿತ್ತು, ಹೋಗಲಿಲ್ಲ. ಕಾಡಿನಂಚಿನ ಕತ್ತಲಲ್ಲಿ ಕುದುರೆ ಇಳಿಸಲು ಧೈರ್ಯ ಬರಲಿಲ್ಲ. ಅದು ತಪ್ಪಲ್ಲ, ನಾನಿದ್ದರೂ ಇಳಿಸುತ್ತಿರಲಿಲ್ಲ. ಆದರೆ ಹಗ್ಗವನ್ನೂ ಸಡಿಲಿಸಲಿಲ್ಲ. ಜಿಂಕೆ ಕೂಗಿದಾಗಲೆಲ್ಲ ಗಾಡಿ ಅಲುಗುತ್ತಿತ್ತು, ಬಿಟ್ಟರೆ ಒಂದನ್ನೊಂದು ಕಚ್ಚುತ್ತವೆ ಎಂದು ಹಾಗೇ ಬಿಟ್ಟೆ ಎಂದು ಕುದುರೆಗಳನ್ನು ನೋಡಿಕೊಳ್ಳುವ ಆಳು, ಸೈಸ್, ನನಗೆ ಆಮೇಲೆ ಹೇಳಿದ. "ಕುದುರೆ ನಿಂತೇ ನಿದ್ದೆ ಮಾಡುತ್ತದಲ್ಲ ಸಾರ್" ಎಂದೂ ಸೇರಿಸಿದ. ನಿಂತು ತೂಕಡಿಸುತ್ತದೆ, ನಿಜ. ಗಾಢ ನಿದ್ದೆಗೆ ಅದೂ ಮಲಗಲೇಬೇಕು. ಓಡುವ ಗಾಡಿಯಲ್ಲಂತೂ ತೂಕಡಿಕೆಯೂ ಇಲ್ಲ, ಪ್ರತಿ ತಿರುವಿಗೂ ಸ್ನಾಯು ಬಿಗಿಹಿಡಿದು ದುಡಿಯುತ್ತಿರುತ್ತದೆ. ಆರಕ್ಕೆ ಗೇಟು ತೆರೆದು, ಗೂಡಲೂರಿನ ಘಟ್ಟ ಹತ್ತಿ ಊಟಿ ಸೇರಿದಾಗ ಬೆಳಗಿನ ಹತ್ತು. ಹದಿನಾಲ್ಕು ಗಂಟೆಗೂ ಮೀರಿ ಮೂರು ತಲೆಗಳು ಎತ್ತಿದಂತೆಯೇ ಇದ್ದವು.

ಮೇಯುವ ಪ್ರಾಣಿ ಅದು. ದಿನದ ಬಹುಪಾಲು ತಲೆ ನೆಲಕ್ಕಿಟ್ಟಿರುತ್ತದೆ. ಹುಲ್ಲಿನ ದೂಳು, ಗಂಟಲಿನ ಲೋಳೆ, ಅದರೊಳಗಿನ ರೋಗಾಣುಗಳೆಲ್ಲ ಮೂಗಿನಿಂದ ಇಳಿದುಹೋಗುವುದು ಆ ಭಂಗಿಯಲ್ಲೇ. ತಲೆ ಎತ್ತಿ ಕಟ್ಟಿದರೆ ಆರರಿಂದ ಹನ್ನೆರಡು ಗಂಟೆಯೊಳಗೆ ಶ್ವಾಸನಾಳದಲ್ಲಿ ರೋಗಾಣುಗಳು ಏರಿಬಿಡುತ್ತವೆ. ಅವು ಕೆಳಗಿಳಿದರೆ ಶ್ವಾಸಕೋಶಕ್ಕೂ ಅದರ ಪೊರೆಗೂ ಸೋಂಕು ಹತ್ತುತ್ತದೆ. ಶಿಪ್ಪಿಂಗ್ ಫೀವರ್ ಎನ್ನುವುದು ಇದಕ್ಕೇ. ಆ ಮೂರರಲ್ಲಿ ಎರಡು ಪಾರಾದವು. ನಾಲ್ಕು ವರ್ಷದ ಹೆಣ್ಣು ಕುದುರೆಗೆ ಮೂರನೆಯ ದಿನ 40 ಡಿಗ್ರಿ ಸೆಲ್ಸಿಯಸ್ ಜ್ವರ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಕೆಳಭಾಗದಲ್ಲಿ ಉಸಿರಿನ ಸದ್ದೇ ಇಲ್ಲ, ನೀರು ತುಂಬಿತ್ತು. ಮುಟ್ಟಿದರೆ ನೋವಿಗೆ ಪಕ್ಕೆ ಹಿಂಜರಿಸುತ್ತಿತ್ತು. ಪಕ್ಕೆಗೆ ನಳಿಕೆ ಹಾಕಿ ನೀರು ತೆಗೆದು, ವಾರಗಟ್ಟಲೆ ಆಂಟಿಬಯಾಟಿಕ್ ಕೊಟ್ಟು ಉಳಿಸಿಕೊಂಡೆವು. ಆ ಬೇಸಿಗೆ ಅದು ಓಡಲಿಲ್ಲ.

ಇದನ್ನು ತಪ್ಪಿಸಲು ಔಷಧಿ ಬೇಕಿಲ್ಲ. ಹೊರಡುವ ಮುಂಚೆ ಒಂದು ಇಂಜೆಕ್ಷನ್ ಹಾಕಿಬಿಡಿ ಎಂದು ಕೇಳುವವರಿದ್ದಾರೆ, ಹಾಕುವುದಿಲ್ಲ. ನಾಲ್ಕು ಗಂಟೆಗೊಮ್ಮೆ, ಪೆಟ್ರೋಲ್ ಬಂಕಿನ ಹೊಳೆಯುವ ದೀಪಗಳಿಂದ ಸ್ವಲ್ಪ ದೂರ, ಗಾಡಿ ನಿಲ್ಲಿಸಿ. ಹುಲ್ಲಿನ ಬಲೆಯನ್ನು ತೆಗೆದು ಹಗ್ಗವನ್ನು ಎರಡಡಿ ಬಿಡಿ, ಮೂಗು ಮೊಣಕಾಲಿಗಿಂತ ಕೆಳಗೆ ಬರಲಿ. ಕಚ್ಚಾಡುವ ಜೋಡಿಯಾದರೆ ಒಂದೊಂದಾಗಿ ಬಿಡಿ, ಅರ್ಧ ಗಂಟೆ ಹೋದರೆ ಹೋಗಲಿ. ಹುಲ್ಲು ನೆನೆಸಿದ್ದಿರಲಿ, ದೂಳು ಅರ್ಧ ಅಲ್ಲೇ ಅಡಗುತ್ತದೆ. ಪರಊರಿನ ನೀರಿಗೆ ಮೂತಿ ತಿರುಗಿಸುವ ಕುದುರೆಗಳಿಗೆ ನಾಲ್ಕು ದಿನ ಮೊದಲಿನಿಂದಲೇ ನೀರಿಗೆ ಸ್ವಲ್ಪ ಬೆಲ್ಲ ಹಾಕಿ ರುಚಿ ಹತ್ತಿಸಿರಿ. ದಾರಿಯಲ್ಲಿ ಅದೇ ಬೆಲ್ಲ ಕೆಲಸಕ್ಕೆ ಬರುತ್ತದೆ. ನೀರಿಲ್ಲದೆ ರಾತ್ರಿ ಕಳೆದ ಕುದುರೆಗೆ ಮರುದಿನ ಹೊಟ್ಟೆಶೂಲೆ ಬಂದರೆ ಅಚ್ಚರಿಯಿಲ್ಲ. ದಾರಿಯಲ್ಲಿ ಟೈರ್ ಪಂಕ್ಚರ್ ಆದರೆ, ಬೆಂಕಿಯ ಭಯವಿಲ್ಲದಿದ್ದರೆ, ಕತ್ತಲ ಹೆದ್ದಾರಿಯಲ್ಲಿ ಕುದುರೆಯನ್ನು ಇಳಿಸಲೇಬೇಡಿ.

ಊರು ಸೇರಿದ ಮೇಲೆ ಮೂರು ದಿನ, ಬೆಳಗ್ಗೆ ಸಂಜೆ ಥರ್ಮಾಮೀಟರ್ ಹಾಕಿ. 38.5ರ ಮೇಲೆ ಹೋದರೆ ದಾಣಿ ಬಿಡುವವರೆಗೆ ಕಾಯದೆ ನನ್ನಂಥವನಿಗೆ ಫೋನ್ ಮಾಡಿ. ಆ ಸೈಸ್ ಈಗ ಪ್ರತಿ ಕುದುರೆಯ ಕೋಣೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಆರು ಗೆರೆ ಎಳೆದು ಜ್ವರ ಬರೆದಿಡುತ್ತಾನೆ. ಆರೂ ತುಂಬುವವರೆಗೆ ಅಳಿಸಲು ಯಾರಿಗೂ ಬಿಡುವುದಿಲ್ಲ.