ಕರುವಿಗೆ ಹಾಲು ಕುಡಿಸುವ ಕೈ

ತಾಯಿಯಿಂದ ಬಿಡಿಸಿದ ಎಳೆಗರುವಿಗೆ ಬಕೆಟ್ಟಿನಿಂದ ಹಾಲು ಕುಡಿಯಲು ಬರುವುದಿಲ್ಲ. ಕಲಿಸಬೇಕು. ಎರಡು ಬೆರಳನ್ನು ಹಾಲಲ್ಲಿ ಅದ್ದಿ ಅದರ ಬಾಯಿಗೆ ಕೊಡಬೇಕು. ಕರು ಚೀಪತೊಡಗುತ್ತದೆ. ಬಾಯಿ ಬೆಚ್ಚಗೆ, ನಾಲಿಗೆ ತರಿತರಿ. ಚೀಪುತ್ತಿರುವಾಗಲೇ ಕೈಯನ್ನು ನಿಧಾನಕ್ಕೆ ಇಳಿಸಿ ಹಾಲಿನೊಳಗೆ ಮುಳುಗಿಸಬೇಕು. ಆಗ ಬೆರಳಿನ ಜೊತೆ ಹಾಲೂ ಬಾಯಿಗೆ ಬರುತ್ತದೆ. ನಡುವೆ ತಲೆ ಎತ್ತುತ್ತದೆ, ಸೀನುತ್ತದೆ, ಬಕೆಟ್ಟಿಗೆ ಗುದ್ದುತ್ತದೆ. ಅರ್ಧ ಹಾಲು ಚೆಲ್ಲಿಹೋಗುತ್ತದೆ. ಮತ್ತೆ ಮೊದಲಿಂದ ಶುರು.

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ಹದಿನಾರರ ಹುಡುಗನೊಬ್ಬ ಈ ಕೆಲಸ ಮಾಡುತ್ತಿದ್ದಾನೆ ಅಂದುಕೊಳ್ಳಿ. ಹುಟ್ಟಿದಾಗಿನಿಂದ ಅವನನ್ನು ಯಾರಾದರೂ ನೋಡಿಕೊಳ್ಳುತ್ತಲೇ ಬಂದಿದ್ದಾರೆ. ಊಟ, ಬಟ್ಟೆ, ಔಷಧ, ತರಬೇತಿ, ಎಲ್ಲವೂ ಬೇರೆಯವರ ಕೈಯಿಂದಲೇ. ಈಗ ಒಂದು ಪುಟ್ಟ ಜೀವ ಅವನ ಬೆರಳನ್ನು ನಂಬಿ ನಿಂತಿದೆ. ಅದಕ್ಕೆ ನಿಜವಾಗಿಯೂ ಹಸಿವಾಗಿದೆ. ಅವನು ಬರದಿದ್ದರೆ ಆ ಹೊತ್ತಿನ ಹಾಲು ತಡವಾಗುತ್ತದೆ. ಆರೈಕೆ ಬೇಕಾದವರು ಹೊಲ, ಕೊಟ್ಟಿಗೆಗಳಲ್ಲಿ ಕೆಲಸ ಮಾಡುವ ‘ಆರೈಕೆ ಕೃಷಿ’ಯ ಬಗ್ಗೆ ಓದಿದಷ್ಟೂ ನನ್ನ ಮನಸ್ಸಿಗೆ ತಟ್ಟಿದ್ದು ಈ ಅದಲುಬದಲು. ನೋಡಿಸಿಕೊಳ್ಳುತ್ತಿದ್ದವರು ನೋಡಿಕೊಳ್ಳುವವರಾಗುತ್ತಾರೆ.

ಆರೈಕೆ ಕೃಷಿ ನಡೆಯುವ ಜಾಗಗಳಿಗೆ ಕೇರ್ ಫಾರ್ಮ್ ಅನ್ನುತ್ತಾರೆ. ನೆದರ್‌ಲ್ಯಾಂಡ್ಸ್ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಇವೆ. ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಸ್ಥಿತಿ) ಇರುವವರು, ಬೌದ್ಧಿಕ ಅಂಗವೈಕಲ್ಯ ಇರುವವರು, ಖಿನ್ನತೆಯಿಂದ ಬಳಲಿದವರು, ಮರೆಗುಳಿತನ ಬಂದ ಹಿರಿಯರು ಅಲ್ಲಿಗೆ ವಾರದಲ್ಲಿ ಕೆಲವು ದಿನ ಹೋಗುತ್ತಾರೆ. ಮೊಟ್ಟೆ ಆರಿಸುತ್ತಾರೆ, ಕೊಟ್ಟಿಗೆ ಗುಡಿಸುತ್ತಾರೆ, ಸಸಿ ನೆಡುತ್ತಾರೆ. ಅವುಗಳಲ್ಲಿ ಎಷ್ಟೋ ಕಡೆ ರೈತರ ಮಾಮೂಲಿ ಬೇಸಾಯವೂ ಜೊತೆಗೇ ನಡೆಯುತ್ತದೆ. ಮರೆಗುಳಿತನ ಇರುವ ಹಿರಿಯರನ್ನು ಇಂಥ ಜಾಗಗಳಲ್ಲಿ ಗಮನಿಸಿದ ಡಚ್ ಸಂಶೋಧಕರು, ಅವರು ಬೇರೆ ಆರೈಕೆ ಕೇಂದ್ರಗಳಲ್ಲಿ ಇರುವವರಿಗಿಂತ ಜಾಸ್ತಿ ಓಡಾಡುತ್ತಾರೆ, ಜಾಸ್ತಿ ಹೊರಗೆ ಬರುತ್ತಾರೆ ಎಂದು ಕಂಡುಕೊಂಡರು. ಕೋಳಿಗೆ ಕಾಳು ಹಾಕಬೇಕು ಅಂದರೆ ಎದ್ದು ಹೋಗಲೇಬೇಕು, ಅಲ್ವಾ?

ಹೆಸರು ಹೊಸದು, ವಿಚಾರ ಹಳೆಯದು. ಬೆಲ್ಜಿಯಂನ ಗೀಲ್ ಎಂಬ ಊರಿನ ಮನೆಗಳು ಮಾನಸಿಕ ಕಾಯಿಲೆ ಇರುವವರನ್ನು ಮಧ್ಯಯುಗದಿಂದಲೇ ತಮ್ಮೊಳಗೆ ಇರಿಸಿಕೊಂಡು ಬಂದಿವೆ. ಅವರು ಮನೆಯವರ ಜೊತೆ ಊಟ ಮಾಡುತ್ತಿದ್ದರು, ಹೊಲಕ್ಕೂ ಹೋಗುತ್ತಿದ್ದರು. ಅವರನ್ನು ರೋಗಿ ಎಂದು ಯಾರೂ ಕರೆಯುವುದಿಲ್ಲ, ‘ಬೋರ್ಡರ್’, ಅಂದರೆ ಮನೆಯಲ್ಲಿ ಉಳಿದುಕೊಂಡವರು, ಅನ್ನುತ್ತಾರೆ. ಕಾಯಿಲೆಯ ಹೆಸರನ್ನು ಮನೆಯವರಿಗೆ ಹೇಳುವ ಪದ್ಧತಿಯೂ ಇಲ್ಲ. 1930ರ ದಶಕದ ಕೊನೆಗೆ ಆ ಊರಿನಲ್ಲಿ ಹೀಗೆ 3,700ಕ್ಕೂ ಹೆಚ್ಚು ಜನ ಇದ್ದರು. ಈಗ ಸಂಖ್ಯೆ ಬಹಳ ಇಳಿದಿದೆ, ಪದ್ಧತಿ ನಿಂತಿಲ್ಲ.

ಇಂಗ್ಲೆಂಡಿನ ಯಾರ್ಕ್‌ನಲ್ಲಿ ವಿಲಿಯಂ ಟ್ಯೂಕ್ 1796ರಲ್ಲಿ ‘ರಿಟ್ರೀಟ್’ ಎಂಬ ಆಶ್ರಯಧಾಮ ತೆರೆದರು. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದ ಕಾಲ ಅದು. ಟ್ಯೂಕ್ ಅವರ ಧಾಮದ ಅಂಗಳಗಳಲ್ಲಿ ಮೊಲ, ಕೋಳಿ, ಕಡಲ ಹಕ್ಕಿ, ಗಿಡುಗ ಕೂಡ ಇದ್ದವು. ಅವುಗಳ ಒಡನಾಟದಿಂದ ಮನಸ್ಸು ಮೃದುವಾಗುತ್ತದೆ ಎಂಬ ನಂಬಿಕೆ. ಇನ್ನೂರು ವರ್ಷದ ಹಿಂದೆ ಸರಪಳಿ ತೆಗೆದು ಮೊಲ ಕೊಟ್ಟ ಆ ಮನುಷ್ಯರನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಕಾಲ ಬರಲು ತುಂಬಾ ತಡವಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್, ಯಾರ ಜೊತೆಯೂ ಬೆರೆಯದ ಒಬ್ಬ ಹುಡುಗ ತಮ್ಮ ನಾಯಿ ಜಿಂಗಲ್ಸ್ ಜೊತೆ ಸಲೀಸಾಗಿ ಹೊಂದಿಕೊಂಡಿದ್ದನ್ನು ವರದಿ ಮಾಡಿದರು. ಆಗ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ.

ಈಚಿನ ಅಧ್ಯಯನಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಆಸ್ಟ್ರೇಲಿಯಾದ ಶಾಲೆಗಳಲ್ಲಿ ನಡೆದದ್ದು. 99 ಮಕ್ಕಳು. ಒಂದೊಂದು ಗುಂಪಿನಲ್ಲಿ ಆಟಿಸಂ ಇರುವ ಒಂದು ಮಗು, ಇಲ್ಲದ ಇಬ್ಬರು. ಒಮ್ಮೆ ಅವರಿಗೆ ಆಟಿಕೆ ಕೊಟ್ಟರು, ಇನ್ನೊಮ್ಮೆ ಎರಡು ಗಿನಿಪಿಗ್ (ಇಲಿಯ ಬಳಗದ ಪುಟ್ಟ ಸಾಕುಪ್ರಾಣಿ) ಕೊಟ್ಟರು. ಹತ್ತೇ ನಿಮಿಷ. ಗಿನಿಪಿಗ್ ಇದ್ದಾಗ ಆಟಿಸಂ ಇರುವ ಮಕ್ಕಳು ಜಾಸ್ತಿ ಮಾತಾಡಿದರು, ಬೇರೆಯವರ ಮುಖ ನೋಡಿದರು, ನಕ್ಕರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆಮೇಲೆ ಅದೇ ತಂಡ ಮಕ್ಕಳ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಚರ್ಮದ ವಿದ್ಯುತ್ ವಾಹಕತೆಯನ್ನು ಅಳೆದದ್ದನ್ನೂ ವರದಿ ಮಾಡಿತು. ಒಳಗೆ ಉದ್ವೇಗ ಏರಿದರೆ ಬೆವರು ಗ್ರಂಥಿಗಳು ಕೆಲಸ ಶುರು ಮಾಡುತ್ತವೆ, ಚರ್ಮದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಪ್ರಾಣಿ ಎದುರಿಗೆ ಬಂದಾಗ ಬೇರೆ ಮಕ್ಕಳಲ್ಲಿ ಈ ಅಳತೆ ಏರಿತು, ಬಹುಶಃ ಖುಷಿಗೆ. ಆಟಿಸಂ ಇರುವ ಮಕ್ಕಳಲ್ಲಿ ಇಳಿಯಿತು.

ಯಾಕಿರಬಹುದು? ಮನುಷ್ಯರ ಜೊತೆ ಮಾತಾಡುವಾಗ ನಾವು ಒಂದೇ ಸಲಕ್ಕೆ ಎಷ್ಟು ಓದಬೇಕು ನೋಡಿ. ಮಾತು, ದನಿ, ಹುಬ್ಬು, ಮಾತಿನ ಹಿಂದಿರುವ ಇನ್ನೊಂದು ಅರ್ಥ. ಆಟಿಸಂ ಇರುವವರಿಗೆ ಇದು ಸುಸ್ತಿನ ಕೆಲಸ. ಹಸು ಹಾಗಲ್ಲ. ಬೇಕು ಅಂದರೆ ಹತ್ತಿರ ಬರುತ್ತದೆ, ಬೇಡ ಅಂದರೆ ದೂರ ಹೋಗುತ್ತದೆ. ನೀವು ಉತ್ತರ ಕೊಡಲು ಐದು ನಿಮಿಷ ತೆಗೆದುಕೊಂಡರೂ ಅದಕ್ಕೆ ಬೇಜಾರಿಲ್ಲ. ಜೊತೆಗೆ ಪಕ್ಕದಲ್ಲಿ ನಿಂತವರ ಹತ್ತಿರ ಮಾತಾಡಲು ಒಂದು ವಿಷಯವೂ ಸಿಗುತ್ತದೆ.

ಕುದುರೆಯ ಕಥೆ ಸ್ವಲ್ಪ ಬೇರೆ. ಅಲ್ಲಿ ಮನಸ್ಸಿನ ಜೊತೆ ಮೈಯೂ ಕೆಲಸ ಮಾಡುತ್ತದೆ. ಕುದುರೆ ಮೆಲ್ಲಗೆ ನಡೆಯುವಾಗ ಅದರ ಬೆನ್ನು ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ ತೂಗುತ್ತದೆ. ಮೇಲೆ ಕೂತವರ ಸೊಂಟವೂ ಹಾಗೇ ತೂಗುತ್ತದೆ. ಮನುಷ್ಯ ನಡೆಯುವಾಗ ಸೊಂಟ ಹೆಚ್ಚುಕಡಿಮೆ ಹೀಗೇ ಆಡುವುದು. ನಿಮಿಷಕ್ಕೆ ಸುಮಾರು 100 ಹೆಜ್ಜೆ ಅಂದರೂ ಇಪ್ಪತ್ತು ನಿಮಿಷಕ್ಕೆ 2,000 ಸಲ. ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯಿಂದಾಗಿ ಯಾವತ್ತೂ ನಡೆಯದ ಮಗುವಿನ ಬೆನ್ನು, ಹೊಟ್ಟೆಯ ಸ್ನಾಯುಗಳು ಬೀಳದಂತೆ ತೂಕ ಹಿಡಿಯುವುದನ್ನು ಅಷ್ಟು ಸಲ ಅಭ್ಯಾಸ ಮಾಡುತ್ತವೆ. ಯಾವ ಯಂತ್ರಕ್ಕೂ ಕುದುರೆಯಷ್ಟು ಬೆಚ್ಚಗಿನ ಬೆನ್ನಿಲ್ಲ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ 1944ರಲ್ಲಿ ಪೋಲಿಯೊ ಬಂದು ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿತ್ತು. ಕುದುರೆ ಹತ್ತಲು, ಇಳಿಯಲು ಬೇರೆಯವರು ಹಿಡಿಯಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆಕೆ ಕುದುರೆ ಸವಾರಿಯಲ್ಲಿ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು. ಕುದುರೆ ಸವಾರಿಯನ್ನು ಚಿಕಿತ್ಸೆಯಾಗಿ ನೋಡುವ ಧೈರ್ಯ ಎಷ್ಟೋ ಜನರಿಗೆ ಬಂದದ್ದು ಆ ಪದಕದಿಂದ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಆಟಿಸಂ ಆಗಲಿ ಡೌನ್ ಸಿಂಡ್ರೋಮ್ ಆಗಲಿ ಹಸು, ಕುದುರೆಗಳಿಂದ ‘ವಾಸಿ’ಯಾಗುವುದಿಲ್ಲ. ಹಾಗೆ ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ. ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕವು. ಮಾತ್ರೆಯನ್ನಾದರೆ ಯಾವುದು ಅಸಲಿ ಎಂದು ತಿಳಿಯದ ಹಾಗೆ ಕೊಟ್ಟು ಪರೀಕ್ಷಿಸಬಹುದು. ಕುದುರೆಯನ್ನು ಮರೆಮಾಚುವುದು ಹೇಗೆ? ಆದರೂ ಅಚ್ಚುಕಟ್ಟಾದ ಪ್ರಯತ್ನಗಳು ನಡೆದಿವೆ. ನಾರ್ವೆಯಲ್ಲಿ ಮಾನಸಿಕ ಕಾಯಿಲೆ ಇದ್ದ 90 ಜನರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಗುಂಪು 12 ವಾರ, ವಾರಕ್ಕೆ ಎರಡು ಸಲ, ಮೂರು ಗಂಟೆ ಕೊಟ್ಟಿಗೆಯಲ್ಲಿ ಕೆಲಸ ಮಾಡಿತು. ‘ಇದು ನನ್ನ ಕೈಲಾಗುತ್ತದೆ’ ಎಂಬ ಭಾವನೆಯನ್ನು ಅಳೆದರು. 12 ವಾರ ಮುಗಿದಾಗ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಆರು ತಿಂಗಳ ನಂತರ ನೋಡಿದಾಗ ಏರಿತ್ತು! ಬಿತ್ತಿದ ದಿನವೇ ಮೊಳಕೆ ಹುಡುಕಬಾರದು ಎಂದು ರೈತರಿಗೆ ಗೊತ್ತಿರುವುದೇ.

ಪ್ರಾಣಿಯ ಕಡೆಯಿಂದಲೂ ನೋಡಬೇಕು. ದಿನವಿಡೀ ಹತ್ತಾರು ಕೈಗಳು ಮುಟ್ಟಿದರೆ ಅದಕ್ಕೂ ಸಾಕಾಗುತ್ತದೆ. ಬಿಡುವು ಬೇಕು, ಎದ್ದು ಹೋಗಲು ಜಾಗ ಬೇಕು. ಹಸುಗಳು ಒಂದನ್ನೊಂದು ನೆಕ್ಕುವುದು ಹೆಚ್ಚಾಗಿ ತಲೆ, ಕುತ್ತಿಗೆಯ ಭಾಗವನ್ನು. ಕುತ್ತಿಗೆಯ ಅಡಿಯಲ್ಲಿ ಸವರಿದರೆ ಕತ್ತು ಚಾಚಿ, ಕಿವಿ ಜೋಲು ಬಿಟ್ಟು ನಿಲ್ಲುತ್ತವೆ. ಹಿಂದಿನಿಂದ ಹೋದರೆ ಬೆಚ್ಚಿಬೀಳುತ್ತವೆ, ಯಾಕಂದರೆ ನೇರ ಹಿಂಬದಿ ಅವುಗಳ ಕಣ್ಣಿಗೆ ಕಾಣುವುದಿಲ್ಲ. ಇನ್ನು ಸಾಲ್ಮೊನೆಲ್ಲಾ, ಹುಳುಕಡ್ಡಿಯಂಥ ಸೋಂಕುಗಳು ಪ್ರಾಣಿಗಳಿಂದ ನಮಗೆ ದಾಟಬಲ್ಲವು. ಸೋಪು ಹಾಕಿ ಕೈ ತೊಳೆಯದೆ ಬಾಯಿಗೆ ಏನೂ ಹಾಕುವಂತಿಲ್ಲ. ಈ ನಿಯಮಗಳನ್ನೇ ಎಷ್ಟೋ ಮಕ್ಕಳು ಶ್ರದ್ಧೆಯಿಂದ ಪಾಲಿಸುತ್ತಾರೆ. ಹಸುವಿಗಾಗಿ ಮೆಲ್ಲಗೆ ನಡೆಯುವುದು, ಹಸುವಿಗಾಗಿ ದನಿ ತಗ್ಗಿಸುವುದು.

ಅತ್ತ ಕರು ಕೆಲವು ದಿನಗಳಲ್ಲಿ ಬಕೆಟ್ಟಿಗೆ ತಾನೇ ಬಾಯಿ ಹಾಕಲು ಕಲಿಯುತ್ತದೆ. ಬೆರಳು ಬೇಕಾಗುವುದಿಲ್ಲ. ಆದರೂ ಹಾಲು ಖಾಲಿಯಾದ ಮೇಲೆ ತಲೆ ಎತ್ತಿ, ನೊರೆ ಮೆತ್ತಿದ ಮೂತಿಯಲ್ಲಿ ಆ ಹುಡುಗನ ಕೈ ಹುಡುಕುತ್ತದೆ.